ಬಾದಾಮಿಗೂ ಒಂದು ಊರಿದೆ

ವೈನ್ ಬಗ್ಗೆ ಮಾತಾಡೋರ ಬಾಯಲ್ಲಿ ‘ಟೆರ್ವಾರ್’ ಅನ್ನೋ ಫ್ರೆಂಚ್ ಪದ ಪದೇ ಪದೇ ಬರುತ್ತೆ. ಮಣ್ಣು, ಇಳಿಜಾರು, ಮಳೆ, ಬಿಸಿಲು, ರಾತ್ರಿಯ ತಂಪು, ಜೊತೆಗೆ ಅಲ್ಲಿನ ಜನ ತಲೆಮಾರುಗಳಿಂದ ಮಾಡಿಕೊಂಡು ಬಂದ ಬೇಸಾಯ, ಇಷ್ಟೂ ಸೇರಿ ಹಣ್ಣಿಗೆ ಕೊಡುವ ಗುಣಕ್ಕೆ ಆ ಹೆಸರು. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ಬೆಳೆದ ನನಗೆ ಪದ ಹೊಸದು, ವಿಷಯ ಹಳೆಯದು.

ಫ್ರಾನ್ಸಿನ ಬರ್ಗಂಡಿಯಲ್ಲಿ ಕೆಂಪು ವೈನಿಗೆ ಬಳಸೋದು ಮುಖ್ಯವಾಗಿ ಪಿನೋ ನ್ವಾರ್ ಅನ್ನೋ ಒಂದೇ ದ್ರಾಕ್ಷಿ. ಆದರೂ ಪಕ್ಕಪಕ್ಕದ ಎರಡು ತೋಟಗಳ ವೈನಿಗೆ ಬೇರೆ ರುಚಿ, ಬೇರೆ ಹೆಸರು, ಬೇರೆ ಬೆಲೆ. ಅಲ್ಲಿನ ಈ ತೋಟದ ತುಂಡುಗಳನ್ನ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಷ್ಟು ದೂರ ಯಾಕೆ, ನಮ್ಮ ನಂದಿ ಬೆಟ್ಟದ ಬುಡದಲ್ಲೇ ಕ್ಯಾಬರ್ನೆ ಸೊವಿನ್ಯೋ, ಶಿರಾಜ್ ಬೆಳೀತಾರೆ. ಸುಮಾರು 900 ಮೀಟರ್ ಎತ್ತರ. ಹಗಲು ಬಿಸಿಲಿಗೆ ಹಣ್ಣಲ್ಲಿ ಸಕ್ಕರೆ ಕೂಡುತ್ತೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ದೆ ಮಾಡುತ್ತೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಸವರಿ, ಮಳೆ ಇಲ್ಲದ ಫೆಬ್ರವರಿ-ಮಾರ್ಚ್ ಹೊತ್ತಿಗೆ ಹಣ್ಣು ಬರೋ ಹಾಗೆ ನೋಡ್ಕೋತಾರೆ. ಅಂದರೆ ಟೆರ್ವಾರ್ ಬರೀ ಮಣ್ಣಲ್ಲ, ಕತ್ತರಿ ಹಿಡಿದ ಕೈಯೂ ಹೌದು.

ಹೋದ ವರ್ಷ ಆಫೀಸಿನವರ ಜೊತೆ ಅಲ್ಲೊಂದು ದ್ರಾಕ್ಷಿ ತೋಟ ನೋಡಕ್ಕೆ ಹೋಗಿದ್ದೆ. ತೋಟ ತೋರಿಸಿದವರು, “ಬಳ್ಳಿಗೆ ಸ್ವಲ್ಪ ಕಷ್ಟ ಕೊಡ್ಬೇಕು ಸಾರ್” ಅಂದ್ರು. ಕೆಂಪು ವೈನಿನ ಬಣ್ಣ, ಒಗರು ಬರೋದು ಹಣ್ಣಿನ ಸಿಪ್ಪೆಯಿಂದ. ನೀರು ಜಾಸ್ತಿಯಾದರೆ ಕಾಯಿ ಊದಿಕೊಂಡು ರುಚಿ ತೆಳುವಾಗುತ್ತೆ. ನೀರು ಬಸಿದು ಹೋಗುವ ಬಡ ನೆಲದಲ್ಲಿ ಕಾಯಿ ಚಿಕ್ಕದು, ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ನಕ್ಕುಬಿಟ್ರು. “ಇದನ್ನ ಹೇಳಕ್ಕೆ ನಿಮ್ಮತ್ರ ದುಡ್ಡು ಬೇರೆ ಇಸ್ಕೊಂಡ್ರಾ? ಹೂ ಬಿಡೋಕೆ ಮುಂಚೆ ತೋಪಿಗೆ ನೀರು ಬಿಡಬ್ಯಾಡ ಅಂತ ನಿಮ್ ತಾತ ಬೈತಿದ್ದದ್ದು ಮರೆತೋಯ್ತೇನೋ?”

ನಿಜ. ಚಳಿಗಾಲದ ಒಣಹವೆಗೇ ಮಾವು ಹೂ ಬಿಡೋದು. ಆಗ ನೀರು ಕೊಟ್ಟರೆ ಹೂವಿನ ಬದಲು ಚಿಗುರು ಬರುತ್ತೆ. ‘ನೀರಿಲ್ಲದ ಜಿಲ್ಲೆ’ ಅಂತ ಎಲ್ಲರೂ ಮರುಗುವ ಕೋಲಾರದ ಕೆಮ್ಮಣ್ಣು ಮಾವಿಗೆ ಒಗ್ಗಿರೋದು ಸುಮ್ಮನೆ ಅಲ್ಲ.

ನಮ್ಮ ಬಾದಾಮಿ, ಕೊಂಕಣದ ಹಾಪಸ್, ಎರಡೂ ಒಂದೇ ಆಲ್ಫಾನ್ಸೋ ತಳಿ. ಅಲ್ಲಿ ಜಂಬಿಟ್ಟಿಗೆ ಮಣ್ಣು, ಕಡಲ ಗಾಳಿ. ಇಲ್ಲಿ ಎತ್ತರದ ಬಯಲು, ಒಣಗಾಳಿ. ಅಲ್ಲಿ ಹಣ್ಣು ಮೊದಲೇ ಪೇಟೆಗೆ ಬರುತ್ತೆ, ನಮ್ಮಲ್ಲಿ ಮೇ ತಿಂಗಳ ಮೇಲೆ. ಯಾವುದು ಹೆಚ್ಚು ಅನ್ನೋ ಜಗಳ ಬೇಡ, ಎರಡೂ ಬೇರೆ ಬೇರೆ ಅಷ್ಟೆ. ಆದರೆ 2018ರಲ್ಲಿ ಕೊಂಕಣದ ಹಾಪಸ್‌ಗೆ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಹಣ್ಣು ಬೆಂಗಳೂರಿನ ಗಾಡಿ ಮೇಲೆ ಊರಿನ ಹೆಸರಿಲ್ಲದೆ ಕೂತಿರುತ್ತೆ.

ಊರಿನ ಹೆಸರಿಲ್ಲದ ಹಣ್ಣಿಗೆ ಸಿಗೋದು ತೂಕದ ಬೆಲೆ ಮಾತ್ರ. ನಮ್ಮ ಕಡೆಯ ತೋತಾಪುರಿ ಚಿತ್ತೂರಿನ ತಿರುಳು ಕಾರ್ಖಾನೆಗಳನ್ನೇ ನಂಬಿದೆ. 2025ರ ಜೂನ್‌ನಲ್ಲಿ ಹೊರರಾಜ್ಯದ ತೋತಾಪುರಿ ಬರಬಾರದು ಅಂತ ಆ ಜಿಲ್ಲೆಯ ಆಡಳಿತ ಆದೇಶ ಮಾಡಿದಾಗ ಇಲ್ಲಿನ ರೈತರು ಬೀದಿಗಿಳಿಯಬೇಕಾಯ್ತು. ಎಲ್ಲಿ ಬೆಳೆದರೂ ಒಂದೇ ಅನ್ನಿಸಿಕೊಂಡ ಹಣ್ಣಿನ ಪಾಡು ಇದು.

ಈಗ ಮನೆಗೆ ಲೇಔಟ್ ಬ್ರೋಕರ್‌ಗಳು ಬರ್ತಿದ್ದಾರೆ. ಮಾಲೂರಿನ ಕಡೆ ಎಷ್ಟೋ ತೋಪು ಆಗಲೇ ಸೈಟ್ ಆಗಿವೆ. ಅಪ್ಪನಿಗೆ ವಯಸ್ಸಾಗ್ತಿದೆ, ಕೂಲಿಗೆ ಜನ ಸಿಗಲ್ಲ. ಮಾರೋದು ತಪ್ಪು ಅಂತ ವೈಟ್‌ಫೀಲ್ಡಿನ ಎಸಿ ರೂಮಲ್ಲಿ ಕೂತು ನಾನು ಹೇಳೋದು ಸುಲಭ. ಅದಕ್ಕೇ ಅಪ್ಪನ ಹತ್ರ ಎರಡು ಬೆಳೆ ಟೈಮ್ ಕೇಳಿದ್ದೀನಿ. ಈ ಸಲ ಬಾದಾಮಿ ಪೂರ್ತಿ ಮಂಡಿಗೆ ಹಾಕಲ್ಲ. ಒಂದು ಪಾಲನ್ನ ನಮ್ಮ ಅಪಾರ್ಟ್‌ಮೆಂಟಿನವರಿಗೇ ಮಾರ್ತೀವಿ. ಪ್ರತಿ ಬಾಕ್ಸ್ ಮೇಲೆ ಮೂರು ಸಾಲು: ತಳಿ, ಕಿತ್ತ ದಿನ, ಊರು. ಲೆಕ್ಕ ಸರಿಹೋಗದಿದ್ದರೆ ಅಪ್ಪ ಏನು ತೀರ್ಮಾನ ಮಾಡಿದರೂ ನಾನು ಎದುರಾಡಲ್ಲ ಅಂತ ಮಾತು ಕೊಟ್ಟಿದ್ದೀನಿ.

ನಿಮ್ಮಿಂದ ಒಂದು ಸಣ್ಣ ಸಹಾಯ ಆಗ್ಬೇಕು. ಮಾವು ಕೊಳ್ಳುವಾಗ “ಕೇಜಿ ಎಷ್ಟು?” ಅನ್ನೋ ಮೊದಲು “ಯಾವ ಊರಿನದು?” ಅಂತ ಕೇಳಿ. ಕೇಳೋರು ಜಾಸ್ತಿ ಆದರೆ, ಮಾರೋರು ಬರೆದಿಡೋಕೆ ಶುರುಮಾಡ್ತಾರೆ.