ಉಡುಪಿಗಂತ ಹೋಗಿ ನಡುಗಡ್ಡಿಗೆ ಹೋಗಿಬಂದ್ವಿ

ಹೋದ ಶನಿವಾರ, ಐತವಾರ ನಮ್ಮ ಬಾಗಲದಾಗ ನೆಗೆಣ್ಣಿ ರಂಗೋಲಿ ಹಾಕೂದು ನೋಡಿ, 'ತವರಮನಿಗೆ ಹೋಗಿದ್ದೇನವಾ?' ಅಂತ ಓಣ್ಯಾಗ ನಾಕ ಮಂದಿ ಕೇಳಿದ್ರು. ಇಲ್ರೀ ಅಕ್ಕಾರ, ನಾವು ಗಂಡ-ಹೆಂಡ್ತಿ ಇಬ್ರ ಉಡುಪಿಗೆ ಹೋಗಿದ್ವಿ. ಮದಿವ್ಯಾಗಿ 22 ವರ್ಷ ಆತು. ಇಬ್ರ ಕೂಡಿ ಹೋಗಿದ್ದು ಅಂದ್ರ ಗದಗಿನ ದವಾಖಾನಿ, ಇಲ್ಲಾ ಹುಬ್ಬಳ್ಳಿಗೆ ಬೀಜ ತರಾಕ. ಸುಮ್ನ ತಿರಗಾಡಾಕ ಹೊಂಟೇವಿ ಅಂತ ಹೇಳಾಕ ನಮ್ಮ ಅಸುಂಡ್ಯಾಗ ಬಾಯಿ ಬರೂದಿಲ್ಲ. ಕೃಷ್ಣನ ದರ್ಶನಕ್ಕ ಅಂದ್ರ ಯಾರೂ ಏನೂ ಅನ್ನೂದಿಲ್ಲ. ಅತ್ತಿಯವ್ರು ತಾವ 101 ರೂಪಾಯಿ ಕೊಟ್ಟು 'ಹುಂಡಿಗೆ ಹಾಕ್ರಿ' ಅಂದ್ರು.

ಕಡಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಕಟ್ಕೊಂಡು ಹುಬ್ಬಳ್ಳಿಯಿಂದ ರಾತ್ರಿ ಬಸ್ ಹಿಡದ್ವಿ. ಘಟ್ಟದ ತಿರುವಿನ್ಯಾಗ ನನಗ ಹೊಟ್ಟಿ ತೊಳಸಿ ಬಂದು ನಿದ್ದಿ ಹತ್ತಲಿಲ್ಲ. ಮುಂಜಾನೆ ದರ್ಶನ ಆತು. ಒಂಬತ್ತ ತೂತಿನ ಕಿಂಡ್ಯಾಗಿಂದ ನೋಡಬೇಕು ದೇವರನ್ನ. ಆಕಡೆ ಕನಕನ ಕಿಂಡಿ ಮುಂದ ನಮ್ಮನಿಯವ್ರು ಬಾಳ ಹೊತ್ತು ನಿಂತ್ರು. ಕನಕದಾಸರು ಬಾಡದವ್ರಲ್ಲ, ನಮ್ಮ ಹಾವೇರಿ ಕಡೆಯವ್ರು ಅಂತ ಅಭಿಮಾನ.

ಅಲ್ಲಿಂದ ಮಲ್ಪೆಗೆ ಹೋಗೂಣು ಅಂದಾಕಿ ನಾನ. ಕಡಲ ನಾ ನೋಡಿದ್ದಿಲ್ಲ. ಬಂದರದಾಗ ಮೀನಿನ ವಾಸನಿಗೆ ಸೆರಗ ಮೂಗಿಗೆ ಹಿಡದ್ರ, ಬುಟ್ಟಿ ಮುಂದ ಕುಂತಾಕಿ ಒಬ್ಬಾಕಿ 'ಘಟ್ಟದ ಮೇಲಿನವ್ರಾ?' ಅಂತ ನಕ್ಕಳು. ಬೋಟ್ ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕ ಹೋಗತೈತಿ. ಅಲ್ಲಿ ಮಂದಿ ತೋನ್ಸೆಪಾರ್ ಅಂತಾನೂ ಅಂತಾರ. 1498ರಾಗ ವಾಸ್ಕೋ ಡ ಗಾಮಾ ಬಂದು ಮೇರಿಯಮ್ಮನ ಹೆಸರ ಇಟ್ಟ ಅಂತ ಹೇಳ್ತಾರ. ಬೋಟಿನ್ಯಾಗ ನಮ್ಮನಿಯವ್ರು ಕಬ್ಬಿಣದ ಸರಳ ಹಿಡದ ಕೈ ಬಿಡಲಿಲ್ಲ. ನಾ ನಗಲಿಲ್ಲ, ಯಾಕಂದ್ರ ಇನ್ನೊಂದ ಕೈಯಿಂದ ನನ್ನ ಸೀರಿ ಹಿಡದಿದ್ರು.

ಅಲ್ಲಿ ಕಲ್ಲ ನೋಡಬೇಕ್ರೀ ಅಕ್ಕಾರ! ಜ್ವಾಳದ ದಂಟ ಸಿವುಡು ಕಟ್ಟಿ ನಿಂದ್ರಿಸಿದಂಗ, ಒಂದಕ್ಕೊಂದು ಹತ್ತಿ ಆರ ಮೂಲಿ, ಐದ ಮೂಲಿ ಕಂಬಗೋಳು. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದ, ನಮ್ಮ ದೇಶ ಮಡಗಾಸ್ಕರ್‌ನಿಂದ ಬ್ಯಾರೆ ಆಗೂ ಹೊತ್ತಿನ್ಯಾಗ, ಭೂಮಿ ಒಳಗಿಂದ ಬಂದ ಬೆಂಕಿ ರಸ ಆರಿ ಕಲ್ಲಾಗಿದ್ದು. ಆರತಾ ಆರತಾ ಕುಗ್ಗಿ ಸೀಳಿದ್ದು. ಬ್ಯಾಸಗ್ಯಾಗ ನಮ್ಮ ಎರಿ ಹೊಲ ಬಾಯಿ ಬಿಡತೈತಲ್ಲ, ಹಂಗ. ಒಂದ ಕಡೆ ದಂಡ್ಯಾಗ ಉಸುಕ ಕಮ್ಮಿ, ಬರೇ ಚಿಪ್ಪು. ಬರಿಗಾಲಿಲೆ ನಡದ್ರ ಚುಚ್ಚತಾವ.

ತೆಂಗಿನ ಗಿಡದ ನೆಳ್ಳಾಗ ರೊಟ್ಟಿ ಬಿಚ್ಚಿದ್ವಿ. ಮನ್ಯಾಗ ನಾವು ಒಂಬತ್ತ ಮಂದಿ. ಮಾತಾಡಿದ್ರ ಪಡಸಾಲಿಗೆ ಕೇಳತೈತಿ, ಸುಮ್ನಿದ್ರೂ ಕೇಳತೈತಿ. ಅಲ್ಲಿ ತೆರಿ ಸಪ್ಪಳಕ್ಕ ಬಾಜೂಕ ಕುಂತವ್ರ ಮಾತ ನಮಗ ಕೇಳಸ್ತಿದ್ದಿಲ್ಲ. ಅಂಥಾದ್ರಾಗ ಅವರು ಒಮ್ಮಿಗೆ ಅಂದ್ರು: 'ಬೋರಮಾಳ ಪತ್ತಾರನ ಕಡೆ ಐತಿ ಅಂತ ಅವ್ವನ ಮುಂದ ಯಾಕ ಹೇಳಿದಿ?'

ದೀಪಾವಳಿ ಲಕ್ಷ್ಮೀಪೂಜೆಗೆ ಬಂಗಾರ ಇಡಾಕ ಟ್ರಂಕ ತಗದ್ರ ಡಬ್ಬಿ ಖಾಲಿ ಇತ್ತು. ಅತ್ತಿ ಕೇಳಿದಾಗ ನಾನ, 'ಗುಂಡು ಸಡಲಾಗಿದ್ವು, ಪತ್ತಾರಗ ಕೊಟ್ಟೀನಿ' ಅಂದಿದ್ದೆ. ಇವರು ಬಾಗಲದಾಗ ನಿಂತು ಕೇಳಿ, ತೆಳಗ ನೋಡ್ಕೋತ ಹೋದ್ರು. ಅವತ್ತಿನಿಂದ ಮೂರ ತಿಂಗಳು ಅದರ ಮಾತ ಇಬ್ರೂ ತಗದಿದ್ದಿಲ್ಲ. ನಮ್ಮವ್ವ ಹತ್ತಿ ಬಿಡಿಸಿ ಕೂಡಿಟ್ಟ ರೊಕ್ಕದಾಗ ಮಾಡ್ಸಿದ್ದ ಬೋರಮಾಳ ಅದು.

'ನಿಮ್ಮ ಮಾನ ಹೋಗಬಾರದಂತ ಹೇಳಿದೆ. ನೀವ್ಯಾಕ ನನ್ನ ಕೇಳಲಿಲ್ಲ?' ಅಂದೆ.

'ಉಳ್ಳಾಗಡ್ಡಿ ಬೀಜ, ಗೊಬ್ಬರ, ಆಳಿನ ಪಗಾರ ಅಂತ 80 ಸಾವಿರ ಬೇಕಾಗಿತ್ತು. ಬ್ಯಾಂಕಿನ್ಯಾಗ ಇಟ್ಟೆ. ಬೆಳಿ ಬಂದಕೂಡ್ಲೆ ಬಿಡಿಸ್ಕೊಂಡು ಬಂದು ಇಟ್ಟಬಿಟ್ರ ಆತು ಅನ್ಕೊಂಡಿದ್ದೆ. ಮಳಿ ಹಿಡಕೊಂಡು ಹೊಲದಾಗ ಕೊಳತು ಹೋತಲ್ಲ.'

'ಕೇಳಿದ್ರ ನಾ ಕೊಡತಿದ್ದಿಲ್ಲೇನು?'

'ಕೊಡತಿದ್ದಿ. ಅದಕ್ಕ ಕೇಳಲಿಲ್ಲ.'

ಈ ಮಾತಿಗೆ ಸಿಟ್ಟ ಬರಬೇಕೋ ಏನೋ ಇನ್ನೂ ನನಗ ತಿಳಿದಿಲ್ಲ. ಅವತ್ತಂತೂ ಬಂತು. ಇದ್ದದ್ದೆಲ್ಲಾ ಅಂದೆ, ದನಿ ಎತ್ತೇ ಅಂದೆ. 22 ವರ್ಷದಾಗ ಗಂಡನ ಮ್ಯಾಲೆ ನಾ ದನಿ ಎತ್ತಿದ್ದು ಅದ ಮದಲು. ಅವರು ತಿರುಗಿ ಒಂದ ಮಾತ ಆಡಲಿಲ್ಲ. ಕಣ್ಣ ಒರಸ್ಕೊಂಡು ಚಿಪ್ಪಿನ ಮ್ಯಾಲೆ ಗೆರಿ ಕೊರಿತಾ ಕುಂತ್ರು. ಆ ದ್ವೀಪದಾಗ ರಾತ್ರಿ ಇರಾಕ ಬಿಡೂದಿಲ್ಲ. ಕಡೀ ಬೋಟಿಗೆ ಕರಿಯಾಕತ್ತಿದ್ರು, ಎದ್ದ ಬಂದ್ವಿ. ಬೋಟಿನ್ಯಾಗ ನಾ ಮಾತಾಡಲಿಲ್ಲ. ಸೀರಿ ಹಿಡದ್ರು, ಬಿಡಸ್ಕೊಳ್ಳಲಿಲ್ಲ.

ಸೋಮವಾರ ಇಬ್ರೂ ಕುಂತು ಅತ್ತಿಗೆ ಖರೇ ಹೇಳಿದ್ವಿ. ಹಂಗಂತನ ಇಲ್ಲಿ ಬರದೀನಿ, ಇಲ್ಲಾಂದ್ರ ಬರೀತಿದ್ದಿಲ್ಲ. ಅತ್ತಿ ಹೆಸರಬ್ಯಾಳಿ ಹಸನ ಮಾಡೂದು ಬಿಡದ, 'ನಮ್ಮ ಪತ್ತಾರ ಅವಾಗ ಮಗಳ ಬಾಣಂತನಕ್ಕ ಹೋಗಿ ತಿಂಗಳಗಟ್ಟಲೆ ಅಂಗಡಿನ ತಗದಿದ್ದಿಲ್ಲ. ಮುಂದ ಸುಳ್ಳ ಹೇಳೂದಿದ್ರ ಬ್ಯಾರೆ ಪತ್ತಾರನ ಹೆಸರ ಹೇಳು' ಅಂದ್ರು.

ನೀವು ಹೋಗೂದಿದ್ರ ಮಳಿಗಾಲಕ್ಕ ಮದಲ ಹೋಗ್ರಿ, ಮಳ್ಯಾಗ ಬೋಟ್ ಬಂದ್ ಇರತೈತಿ. ಕಾಲಾಗ ಚಪ್ಪಲಿ ಇರಲಿ. ಬೋರಮಾಳ ಇನ್ನೂ ಬ್ಯಾಂಕಿನ್ಯಾಗ ಐತಿ. ಕಡ್ಲಿ ಒಕ್ಕಿದ ಮ್ಯಾಲೆ ಮದಲ ಅದನ್ನ ಬಿಡಿಸೂದು, ಬಿಡಿಸ್ಕೊಳ್ಳಾಕ ನಾನೂ ಕೂಡ ಹೋಗೂದು ಅಂತ ಮಾತಾಗೇತಿ.