ಎದ್ದು ಎದ್ದು ಬಿದ್ದ ಕಂಪ್ಯೂಟರ್

ಹೋದ ಶನಿವಾರ ಸಂಜೀಮುಂದ ನಮ್ಮ ಮಹಿಳಾ ಸಂಘದ ಲೆಕ್ಕಾ ಬರೀಬೇಕಂತ ಕಂಪ್ಯೂಟರ್ ಹಚ್ಚಿದೆ ನೋಡ್ರಿ. ಫ್ಯಾನ್ ಜುಂಯ್ ಅಂತು, ಲೈಟ್ ಬಂತು, 2-3 ಸೆಕೆಂಡಿಗೆ ಬಂದ್ ಆತು. ತಾನ ಮತ್ತ ಚಾಲೂ ಆತು, ಮತ್ತ ಬಂದ್. ಮಾನಿಟರ್ ಮ್ಯಾಲೆ ಒಂದಕ್ಷರ ಇಲ್ಲ. ಜ್ವರಾ ಬಂದ ಕೂಸು ಎದ್ದು ಎದ್ದು ಅತ್ತಂಗ ಅದರ ಹಣೇಬರಹ.

ಹಳೇ ಕಂಪ್ಯೂಟರ್, ಹೋದ್ರ ಹೋಗ್ಲಿ ಅನ್ನೂಹಂಗ ಇದ್ದಿದ್ದಿಲ್ಲ. ನಾವು 14 ಮಂದಿ 3 ವರ್ಷ ಕೂಡಿಸಿದ ರೊಕ್ಕದ ಲೆಕ್ಕಾ ಅದರೊಳಗ. ಯಾರು ಎಷ್ಟು ತುಂಬ್ಯಾರ, ಯಾರ ಸಾಲ ಎಷ್ಟು, ಬಡ್ಡಿ ಬಾಕಿ ಎಷ್ಟು, ಎಲ್ಲಾ. ಮೊದಲ ವಹಿಯೊಳಗ ಬರೀತಿದ್ದೆ. 'ಕಂಪ್ಯೂಟರಿನ್ಯಾಗ ಅದ ಅಲ್ಲಾ' ಅಂತ ನಾನ ವಹಿ ಬಿಟ್ಟಿದ್ದೆ. ಸೋಮವಾರ ಮೀಟಿಂಗು. ಮ್ಯಾಲಿನ ಮನಿ ಕಾಕು ಮಗಳ ಫೀಗೆ ಸಾಲಾ ಕೇಳೂವ್ರಿದ್ರು. ನನಗ ಊಟ ಸೇರಲಿಲ್ಲ.

ರಿಪೇರಿಯವಂಗ ಫೋನ್ ಹಚ್ಚಿದೆ. "ತಂದು ಕೊಡ್ರಿ, ಫಾರ್ಮ್ಯಾಟ್ ಹೊಡದು ಕೊಡ್ತೇನಿ" ಅಂದ. ಪುಣೆದಾಗಿನ ಮಗಳಿಗೆ ಹೇಳಿದ್ರ ಅಕಿ ಒದರೇಬಿಟ್ಲು. "ಅಮ್ಮಾ, ಫಾರ್ಮ್ಯಾಟ್ ಅಂದ್ರ ಇದ್ದದ್ದೆಲ್ಲಾ ಅಳಸೂದು! ವಿಂಡೋಸ್ ಚಿತ್ರ ಬರ್ತದೇನು?"

"ಇಲ್ಲವಾ, ಕಂಪನಿ ಹೆಸರೂ ಬರಂಗಿಲ್ಲ."

"ಹಂಗಾದ್ರ ಅದು ಹಾರ್ಡ್ ಡಿಸ್ಕ್ ತನಕ ಹೋಗೇ ಇಲ್ಲ. ನಿನ್ನ ಲೆಕ್ಕಾ ಬಹುಶಃ ಅಲ್ಲೇ ಆರಾಮ ಇರ್ತದ. ಬಾಗಲದಾಗ ಎಡವಿ ಬಿದ್ದವ್ರಿಗೆ ಅಡಗಿಮನಿ ತೊಳದ್ರ ಏನು ಉಪಯೋಗ?"

ಈ ಮಾತು ನೀವೂ ನೆನಪಿಟ್ಕೋರಿ. ಚಿತ್ರ ಬರೂಕಿಂತ ಮೊದಲ ಬಂದ್-ಚಾಲೂ ಆಗ್ಲಿಕತ್ತಿದ್ರ ತಪ್ಪು ಸಾಮಾನಿಂದು, ಫಾರ್ಮ್ಯಾಟಿಗೆ ಹೂಂ ಅನಬ್ಯಾಡ್ರಿ.

ಆಮ್ಯಾಲೆ ಫೋನಿನ್ಯಾಗ ಅಕಿ ಹೇಳಿಧಂಗ ಒಂದೊಂದ ನೋಡಿದೆ. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ಗ್ವಾಡಿ ಪ್ಲಗ್ಗಿಗೆ ಹಚ್ಚಿದೆ, ಅದ ಹಾಡು. ಪ್ರಿಂಟರ್, ಕೀಬೋರ್ಡ್, ಮೌಸ್ ಎಲ್ಲಾ ಕಿತ್ತಿದೆ, ಅದ ಹಾಡು. ಚಾಲೂ ಮಾಡೋ ಬಟನ್ ಒಳಗ ಸಿಕ್ಕೊಂಡ್ರೂ ಸುಮಾರು 4 ಸೆಕೆಂಡಿಗೆ ಬಂದ್ ಆಗ್ತದಂತ. ಅದನ್ನೂ ಒತ್ತಿ ನೋಡಿದೆ, ಛಂದ ಮ್ಯಾಲೆ ಬರ್ತಿತ್ತು.

ಕಡೀಕೆ ಡಬ್ಬಿ ತಗದೆ. ಮೊದಲ ಪ್ಲಗ್ ಕಿತ್ತು, ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡದು, ಡಬ್ಬಿಯ ಬಣ್ಣ ಇಲ್ಲದ ಕಬ್ಬಣಾ ಮುಟ್ಟಿ, ಆಮ್ಯಾಲೆ ಒಳಗ ಕೈ ಹಾಕಿದೆ. ಕರೆಂಟ್ ಬರೋ ಪೆಟ್ಟಿಗಿ, ಎಸ್‌ಎಂಪಿಎಸ್ ಅಂತಾರಲ್ಲಾ, ಅದನ್ನ ಮಾತ್ರ ಬಿಚ್ಚಬಾರ್ದು. ಪ್ಲಗ್ ತಗದಮ್ಯಾಲೂ ಅದರೊಳಗ ಕರೆಂಟ್ ಉಳದಿರ್ತದ. ಫ್ಯಾನಿನ ಮ್ಯಾಲಿನ ಧೂಳಾ ಬ್ರಷ್‌ಲೆ ಝಾಡಿಸಿದೆ. ಹತ್ತೀಗತೆ ಗಟ್ಟಿ ಕೂತಿತ್ತು.

ಉಳದದ್ದು ರ‍್ಯಾಮ್. ಉದ್ದನ ಬಿಸ್ಕಿಟಿನ್ಹಂಗ 2 ಪಟ್ಟಿ. ಅವುಗಳ ಬಂಗಾರದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರ್‌ಲೆ ತಿಕ್ಕಿ, ಅರವಿಲೆ ಒರಸಿ, ಟಕ್ ಅನ್ನೂ ತನಕ ಒತ್ತಿ ಕೂಡಿಸಿದೆ. ಆಗ್ಲಿಲ್ಲ. "ಒಂದ ಒಂದ ಹಾಕಿ ನೋಡಮ್ಮಾ" ಅಂದ್ಲು. ಪ್ರತಿ ಸಲಾ ಪ್ಲಗ್ ಕೀಳೂದು ಮರಿಲಿಲ್ಲ ಮತ್ತ. ಮೊದಲನೇದು ಹಾಕಿದ್ರ ಅದ ಗೋಳು. ಅದನ್ನ ತಗದು ಎರಡನೇದು ಹಾಕಿದೆ. ಜುಂಯ್ ಅಂತು… ನಿಂತು ನೋಡಿದೆ… ಚಿತ್ರ ಬಂತು! ರಾತ್ರಿ ಹನ್ನೊಂದಕ್ಕ ನಾ ಒಬ್ಬಾಕೆ ಕೈ ಮುಗಿದು ನಿಂತಿದ್ದೆ. ಸಂಘದ ಫೈಲು ತಗದ್ರ ಒಂದು ಅಂಕಿನೂ ಅಳಕಿರಲಿಲ್ಲ.

ಅರ್ಧಾ ರ‍್ಯಾಮಿನ್ಯಾಗ ಈಗ ನಿಧಾನ ನಡೀತದ. ನಡೀಲಿ, ನಂದೂ ಅಷ್ಟ.

ಸೋಮವಾರ ಮೀಟಿಂಗಿನ್ಯಾಗ ಎಲ್ಲಾ ಖರೇ ಹೇಳಿದೆ, ವಹಿ ಬಿಟ್ಟದ್ದೂ ಸೈತ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮ್ಯಾಲೆ ಕಾಕು ಅಂದ್ರು, "ಆತು ಬಿಡವಾ. ಇನ್ನ ಮುಂದ ಪೆನ್‌ಡ್ರೈವ್ ನಿಮ್ಮನ್ಯಾಗ ಬ್ಯಾಡ, ನಮ್ಮನ್ಯಾಗ ಇರ್ಲಿ. ವಹಿ ಮಾತ್ರ ನೀನ ಬರಿ."

ಬರೀಲಿಕ್ಕೆ ಸುರು ಮಾಡೇನಿ. ಕಾಕು ಸಾಲಾ ಮೊದಲನೇ ಪಾನಿನ್ಯಾಗ ಅದ.