ಕಲ್ಲಿಗೆ ಕಾವಲುಂಟು

ಹಾವೇರಿಯ ಪುರಸಿದ್ಧೇಶ್ವರ ದೇವಾಲಯವನ್ನು ಕಣ್ತುಂಬ ನೋಡಬಯಸುವವರು ಇಳಿಹೊತ್ತಿನಲ್ಲಿ ಹೋಗಬೇಕೆಂಬುದು ನನ್ನ ಅನುಭವ. ಬಹುಪಾಲು ಗುಡಿಗಳು ಮೂಡಣದತ್ತ ಮುಖಮಾಡಿ ನಿಂತರೆ, ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯದು ಪಡುವಣ ಮುಖ. ಸಂಜೆಬಿಸಿಲು ಎದುರು ಬಂದು ನಿಂತಾಗ ಬಳಪದ ಕಲ್ಲಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಒಳಗಿರುವ ಉಮಾಮಹೇಶ್ವರ, ಸೂರ್ಯ, ನಾಗ-ನಾಗಿಣಿಯರ ಬಿಡಿ ಶಿಲ್ಪಗಳ ಮುಂದೆ ಎಷ್ಟು ಸಲ ಕುಳಿತರೂ ನನಗೆ ತೃಪ್ತಿಯಿಲ್ಲ. ರಾಣೆಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ದಡದ ಚೌಡಯ್ಯದಾನಪುರಕ್ಕೆ ಹೋದಾಗಲೂ ಇದೇ ಪಾಡು; ಅಂಬಿಗರ ಚೌಡಯ್ಯನವರ ಹೆಸರು ಹೊತ್ತ ಆ ಊರಿನ ಮುಕ್ತೇಶ್ವರನ ಗುಡಿಯಲ್ಲಿ ಶಿಲ್ಪಗಳಷ್ಟೇ ಶಾಸನಗಳೂ ಕಾಲು ಕಟ್ಟಿಹಾಕುತ್ತವೆ.

ಆದರೆ ಕಲ್ಲಿಗೆ ಕಾವಲುಂಟು. ಪುರಾತತ್ವ ಇಲಾಖೆಯ ಬೇಲಿಯುಂಟು, ಫಲಕವುಂಟು. ಪುರವಂತಿಕೆಗೆ ಪುರವಂತನ ನಾಲಗೆಯೊಂದೇ ಆಶ್ರಯ.

ಬ್ಯಾಡಗಿಯಲ್ಲಿ ಒಂದು ಮದುವೆಯ ಗುಗ್ಗುಳಕ್ಕೆ ಹೋಗಿದ್ದೆ. ಸಮಾಳದ ಪೆಟ್ಟು ಬಿದ್ದೊಡನೆ, ಎದೆಗೆ ವೀರಭದ್ರನ ಹಲಗೆ ಕಟ್ಟಿ ಖಡ್ಗ ಹಿಡಿದ ಹಿರಿಯ ಪುರವಂತರೊಬ್ಬರು ದಕ್ಷಯಜ್ಞದ ಒಡಪನ್ನೆತ್ತಿದರು. ಅಲ್ಲಿಯವರೆಗೆ ಮೆಣಸಿನಕಾಯಿಯ ದರ ಮಾತಾಡುತ್ತಿದ್ದ ಜನ ಥಟ್ಟನೆ ಮೌನವಾದರು. ಪುಸ್ತಕದಲ್ಲಿ ಹತ್ತು ಸಲ ಓದಿದ ಕಥೆಯೇ ಆದರೂ ಆ ದನಿಯಲ್ಲಿ ಕೇಳುವಾಗ ನನ್ನ ಮೈ ನವಿರೆದ್ದಿತು.

ಒಡಪುಗಳನ್ನು ಬರೆದಿಟ್ಟಿರುವಿರಾ ಎಂದು ಬಳಿಕ ಅವರನ್ನು ಕೇಳಿದೆ. “ಎಲ್ಲಾ ಬಾಯಾಗ ಅದಾವ್ರೀ. ಮಗ ಕಲೀಲಿಲ್ಲ. ಮೊಮ್ಮಗಗ ಗೆಜ್ಜಿ ಕಟ್ಟೀನಿ” ಎಂದರು. ಮೆರವಣಿಗೆ ಮತ್ತೆ ಹೊರಟಿತು. ಹತ್ತು ವರುಷದ ಹುಡುಗ ಅಜ್ಜನ ಹಿಂದೆ ಹೆಜ್ಜೆ ಹಾಕುತ್ತಿದ್ದ. ತಾಳ ತಪ್ಪಿದಾಗಲೆಲ್ಲ ಅಜ್ಜ ನಿಂತು, ಸಮಾಳದವನಿಗೆ ಕೈಸನ್ನೆ ಮಾಡಿ, ಅದೇ ಸಾಲನ್ನು ಮತ್ತೊಮ್ಮೆ ಹೇಳುತ್ತಿದ್ದರು.